ಅಪ್‌ಡೇಟ್: ಬಾನ್‌ವಿಲ್ ಹೊಗೆಯ ಗುಟ್ಟು ಸಿಕ್ಕಿತು
ನನ್ನ 1968ರ ಟ್ರಯಂಫ್ ಬಾನ್‌ವಿಲ್ ಬೈಕ್ ಮೂರು ವಾರ ನಿಂತು ಸ್ಟಾರ್ಟ್ ಆದಾಗ ನೀಲಿ ಹೊಗೆ ಕಾರುತ್ತೆ, ಪಿಸ್ಟನ್ ರಿಂಗ್ ಬದಲಿಸಬೇಕಾ ಅಂತ ಕೇಳಿದ್ದೆ ಅಲ್ವಾ? ರಿಂಗ್ ಅಲ್ಲ! ನೀವು ಹೇಳಿದಂತೆ ಕ್ರ್ಯಾಂಕ್‌ಕೇಸಿನ (ಎಂಜಿನ್‌ನ ಕೆಳಭಾಗ) ಕೆಳಗಿನ ಪ್ಲಗ್ ಬಿಚ್ಚಿದೆ. ಅರ್ಧ ಲೀಟರ್‌ಗಿಂತ ಜಾಸ್ತಿ ಆಯಿಲ್ ಬಂತು. ಬೇರೆಯಾಗಿರುವ ಆಯಿಲ್ ಟ್ಯಾಂಕಿನದು ಸುಮ್ನೆ ನಿಂತಲ್ಲೇ ಎಂಜಿನ್‌ಗೆ ಇಳಿಯುತ್ತಿತ್ತು, ಸ್ಟಾರ್ಟ್ ಮಾಡಿದಾಗ ಅದೇ ಸುಟ್ಟು ಹೊಗೆ.

ಆಯಿಲ್ ಪಂಪ್ ತೆಗೆದರೆ, ಫೀಡ್ ಬದಿಯ (ಎಂಜಿನ್‌ಗೆ ಆಯಿಲ್ ಕಳಿಸುವ ಕಡೆ) ವಾಲ್ವ್ ಬಾಲ್ ಕೆಳಗೆ ಒಂದು ಕಸದ ಚೂರು, ಅದಕ್ಕೇ ಬಾಲ್ ಪೂರ್ತಿ ಮುಚ್ಚುತ್ತಿರಲಿಲ್ಲ. ಸಾಸಿವೆಯಷ್ಟೂ ಇಲ್ಲ! ಸೀಟ್ ಒರೆಸಿ ಹೊಸ ಬಾಲ್, ಸ್ಪ್ರಿಂಗ್ ಹಾಕಿದೆ. ಕಷ್ಟವಾಗಿದ್ದು ಪಂಪ್ ಮುಚ್ಚುವ ಟೈಮಿಂಗ್ ಕವರ್ (ಎಂಜಿನ್ ಬದಿಯ ಮುಚ್ಚಳ) ವಾಪಸ್ ಕೂರಿಸುವುದು. ಕ್ರ್ಯಾಂಕ್ ತುದಿಯ ಸೀಲ್ ಮಡಚಿಕೊಂಡರೆ ಬಿಗ್ ಎಂಡ್‌ಗೆ (ಪಿಸ್ಟನ್ ರಾಡ್ ಕ್ರ್ಯಾಂಕ್‌ಗೆ ಸೇರುವ ಬೇರಿಂಗ್) ಆಯಿಲ್ ಸರಿಯಾಗಿ ಹೋಗಲ್ಲ. ಆ ಭಯಕ್ಕೆ ಎರಡು ಸಲ ಬಿಚ್ಚಿ ನೋಡಿದೆ.

ಈಗ ಮೂರು ವಾರಕ್ಕೆ ಇಳಿದಿದ್ದು ಕಾಲು ಲೋಟ. ರಿಂಗ್‌ಗೆ ಎತ್ತಿಟ್ಟ ದುಡ್ಡಲ್ಲಿ ಟೈರ್ ತಗೊಳ್ಳುತ್ತೇನೆ.