ಕ್ವಯರ್ ಹಾಡುತ್ತೆ, ಸಭೆ ಸುಮ್ಮನೆ ನಿಲ್ಲುತ್ತೆ: ತಪ್ಪೆಲ್ಲಿ?

ಮೂರನೇ_ಬೆಂಚು:
ಕನ್ನಡ ಆರಾಧನೆ, ಸುಮಾರು 150 ಜನ, ಒಂದು ಕೀಬೋರ್ಡ್, 12 ಜನರ ಕ್ವಯರ್. ಬಾಸೆಲ್ ಮಿಷನ್ ಕಾಲದ ಸಂಗೀತಗಳು ಹಿರಿಯರಿಗೆಲ್ಲ ಬಾಯಿಪಾಠ. ಆದರೂ ಎರಡನೇ ಚರಣಕ್ಕೆ ಗಂಡಸರ ದನಿ ಇಳಿದುಹೋಗುತ್ತೆ. ಹೊಸ ಹಾಡಾದರೆ ಮೊದಲಿಂದಲೇ ಮೌನ. ಶ್ರುತಿಯೋ, ವೇಗವೋ, ಮೈಕೋ?

ಶ್ರುತಿಪೆಟ್ಟಿಗೆ:
ಮೊದಲು ಶ್ರುತಿ ನೋಡಿ. ತರಬೇತಿಯಿಲ್ಲದ ಹೆಂಗಸರ ದನಿಗೆ ಮಧ್ಯ ಸಿ (ಕೀಬೋರ್ಡಿನ ನಡುವಿನ ಸಿ ಸ್ವರ) ಕೆಳಗಿನ ಎ ಇಂದ ಮೇಲಿನ ಸ್ಥಾಯಿಯ ಡಿ ವರೆಗೆ ಆರಾಮ. ಗಂಡಸರಿಗೆ ಅದೇ, ಒಂದು ಸ್ಥಾಯಿ ಕೆಳಗೆ. ಹಾಡಿನಲ್ಲಿ ಮೇಲಿನ ಎಫ್ ಬಂದರೆ ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ -3, ಅಂದರೆ ಶ್ರುತಿ ಮೂರು ಅರೆಸ್ವರ ಕೆಳಗೆ.

ಆಮೇಲೆ ಪೀಠಿಕೆ. ರಾಗದ ಕೊನೆಯ ಸಾಲನ್ನು ಹಾಡುವ ವೇಗದಲ್ಲೇ ನುಡಿಸಿ, ಕೊನೆಗೆ ಎಳೆಯಬೇಡಿ. ಎಳೆದರೆ ಎಲ್ಲಿ ಎತ್ತಿಕೊಳ್ಳಬೇಕೆಂದು ಜನಕ್ಕೆ ತಿಳಿಯದೆ ಮೊದಲ ಪದ ನುಂಗಿಹೋಗುತ್ತೆ. ಸಾಲಿನ ಕೊನೆಯ ಉಸಿರು ಪ್ರತಿ ಚರಣದಲ್ಲೂ ಅಷ್ಟೇ ಇರಲಿ.

ಮೈಕ್? ಪಕ್ಕದವರ ದನಿ ಕೇಳದಿದ್ದರೆ ಯಾರೂ ಬಾಯಿ ಬಿಡಲ್ಲ. ಪಲ್ಲವಿ ಬಂದಾಗ ಮುಂದಾಳು ಮೈಕಿನಿಂದ ಹಿಂದೆ ಸರಿಯಲಿ.

ಮೂರನೇ_ಬೆಂಚು:
-3 ಹಾಕಿದರೆ ಬಾಸ್‌ನವರ (ತಗ್ಗು ದನಿಯ ಗಂಡಸರ) ಗತಿ?

ಶ್ರುತಿಪೆಟ್ಟಿಗೆ:
ಪಾತಾಳ! ನಾಲ್ಕು ದನಿಯ ಹೊಂದಿಕೆ ಬರೆದಿರುವುದು ಮೂಲ ಶ್ರುತಿಗೆ. ಇಳಿಸಿದಾಗ ಎಲ್ಲರೂ ಒಂದೇ ದನಿಯಲ್ಲಿ ಹಾಡಿ. ಹೊಂದಿಕೆ ಬೇಕೇಬೇಕೆಂದರೆ ಕ್ವಯರ್‌ನ ವಿಶೇಷ ಗೀತೆ ಇದೆಯಲ್ಲ.

ಲಘು_ಗುರು:
ಸಾಹಿತ್ಯವನ್ನು ಯಾರೂ ನೋಡುವುದೇ ಇಲ್ಲ. ರಾಗದ ಮೇಲೆ 8.6.8.6 ಅಂತ ಇರುತ್ತಲ್ಲ, ಅದು ಸಾಲಿಗೆಷ್ಟು ಅಕ್ಷರ ಎಂಬ ಲೆಕ್ಕ; ಕನ್ನಡದ ಕಿವಿ ಎಣಿಸುವುದು ಮಾತ್ರೆ. ಅಕ್ಷರ ಸರಿಹೋದರೂ ಉದ್ದ ಸ್ವರದ ಕೆಳಗೆ ಲಘು ಬಿದ್ದರೆ ‘ದೇವರ ಬಲ’ ಹೋಗಿ ‘ದೇವರ ಬಾಲ’ ಆಗುತ್ತೆ. ಮಕ್ಕಳು ನಗುವುದು ಸುಮ್ಮನೆ ಅಲ್ಲ. ಅಲ್ಲಿ ‘ತ್ರಾಣ’ ಇಡಿ: ಅಕ್ಷರ ಎರಡೇ, ಮೊದಲನೆಯದು ಗುರು. ಬೈಬಲಿನ ಕೊಲೊಸ್ಸೆ 3:16ರ ಪ್ರಕಾರ ಹಾಡುತ್ತಲೇ ಒಬ್ಬರಿಗೊಬ್ಬರು ಬೋಧಿಸಬೇಕು. ಮಾತೇ ಕೆಟ್ಟರೆ ಏನು ಬೋಧನೆ?

ಪೂಜೆಗಂಟೆ:
ಕಥೋಲಿಕರ ಕಡೆಯಿಂದ ಒಂದು ಮಾತು. ಪೂಜೆಯ ಯಾವ ಭಾಗಗಳನ್ನು ಮೊದಲು ಹಾಡಿಸಬೇಕೆಂದು 1967ರಲ್ಲಿ ರೋಮ್ ಕೊಟ್ಟ ಸಂಗೀತ ಸೂಚನೆಯ ಕ್ರಮ ನಮ್ಮ ರೂಢಿಗೆ ತಲೆಕೆಳಗು. ಗುರುಗಳಿಗೆ (ಪಾದ್ರಿಗಳಿಗೆ) ಜನ ಕೊಡುವ ಉತ್ತರಗಳು, ಸಾಂಕ್ಟುಸ್ (‘ಪರಿಶುದ್ಧ, ಪರಿಶುದ್ಧ’ ಗೀತೆ), ಪ್ರಭು ಕಲಿಸಿದ ಪ್ರಾರ್ಥನೆ ಮೊದಲ ಹಂತದಲ್ಲಿವೆ. ಪ್ರವೇಶಗೀತೆ, ಕಾಣಿಕೆಗೀತೆ ಮೂರನೆಯದರಲ್ಲಿ. ನಾವು ಪ್ರವೇಶಗೀತೆಗೆ ಡ್ರಮ್ಸ್ ಬಾರಿಸಿ ‘ಆಮೆನ್’ ಗೊಣಗುತ್ತೇವೆ. ಉತ್ತರಗಳನ್ನು ಮೂರು ಸ್ವರಗಳೊಳಗೆ, ವಾದ್ಯವಿಲ್ಲದೆ ಹಾಡಿಸಿ ನೋಡಿ. ಅಷ್ಟಕ್ಕೆ ಪುಸ್ತಕವೂ ಬೇಡ.

ಶ್ರುತಿಪೆಟ್ಟಿಗೆ:
ಹೊಸ ಹಾಡಿನ ಮಾತು ಉಳಿಯಿತು. ಮೊದಲ ಭಾನುವಾರ ಕಾಣಿಕೆ ವೇಳೆ ಕ್ವಯರ್ ಮಾತ್ರ ಹಾಡಲಿ, ಎರಡನೆಯದರಲ್ಲಿ ಸಭೆಗೆ ಪಲ್ಲವಿ, ಮೂರು ನಾಲ್ಕರಲ್ಲಿ ಪೂರ್ತಿ. ತಿಂಗಳಿಗೆ ಒಂದೇ. ಐದನೇ ವಾರ ಕೈಬಿಟ್ಟರೆ ಮತ್ತೆ ಮೊದಲಿಂದ ಕಲಿಸಬೇಕಾದೀತು.