ಮೃಗಾಲಯದ ಆನೆಗಳಿಂದ ಕಾಡಾನೆಗಳಿಗೆ ಏನು ಪ್ರಯೋಜನ?

ಪ್ರಶ್ನೆ:
2025ರ ಜುಲೈನಲ್ಲಿ ಬನ್ನೇರುಘಟ್ಟ ಜೈವಿಕ ಉದ್ಯಾನದ ನಾಲ್ಕು ಆನೆಗಳನ್ನು ಪ್ರಾಣಿ ವಿನಿಮಯದಡಿ ಜಪಾನಿನ ಹಿಮೇಜಿ ಸೆಂಟ್ರಲ್ ಪಾರ್ಕ್‌ಗೆ ವಿಮಾನದಲ್ಲಿ ಕಳುಹಿಸಿದ ಸುದ್ದಿ ಓದಿದಾಗಿನಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ. ಏಷ್ಯಾದ ಆನೆ ಅಳಿವಿನಂಚಿನಲ್ಲಿದೆ ಎಂಬುದು ನಿಜ. ಆದರೆ ಮೃಗಾಲಯದಲ್ಲಿ ಹುಟ್ಟಿದ ಮರಿ ಕಾಡು ಸೇರುವುದೇ ಇಲ್ಲವೆಂದಾದರೆ, ಅದನ್ನು ಸಂರಕ್ಷಣೆ ಎನ್ನಬಹುದೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:
ಆನೆಗಳ ಸಂಖ್ಯೆ ಹೆಚ್ಚಿಸುವ ಕೆಲಸ ಮೃಗಾಲಯದಿಂದ ಆಗುವಂಥದ್ದಲ್ಲ. ಅದರ ನಿಜವಾದ ಕೊಡುಗೆಯಿರುವುದು ರೋಗಗಳ ಅಧ್ಯಯನದಲ್ಲಿ. ಇಇಎಚ್‌ವಿ ಎಂಬ ಹರ್ಪಿಸ್ ವೈರಾಣು ಎಳೆಯ ಆನೆಗಳ ರಕ್ತನಾಳಗಳನ್ನು ಹಾಳುಮಾಡಿ, ಲಕ್ಷಣ ಕಾಣಿಸಿಕೊಂಡ ಒಂದೆರಡು ದಿನಗಳಲ್ಲೇ ಪ್ರಾಣ ತೆಗೆಯಬಲ್ಲದು. 1995ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ಕುಮಾರಿ ಎಂಬ ಮರಿಯಾನೆ ಸತ್ತ ನಂತರವೇ ಇದರ ಗುರುತು ಹತ್ತಿತು. ಒಡಿಶಾದ ನಂದನಕಾನನದಲ್ಲಿ 2019ರಲ್ಲಿ ನಾಲ್ಕು ಎಳೆಯ ಆನೆಗಳು ಇದಕ್ಕೆ ಬಲಿಯಾದವು. ದಕ್ಷಿಣ ಭಾರತದ ಕಾಡಾನೆ ಮರಿಗಳಲ್ಲೂ ಇದೇ ವೈರಾಣು ದೃಢಪಟ್ಟಿದೆ. ಕಾಡಿನಲ್ಲಿ ಸತ್ತ ಮರಿ ಪತ್ತೆಯಾಗುವ ಹೊತ್ತಿಗೆ ಅದರ ದೇಹ ಕೊಳೆತಿರುವುದೇ ಹೆಚ್ಚು, ಆದ್ದರಿಂದ ರೋಗ ಹೇಗೆ ಆರಂಭವಾಗುತ್ತದೆಂದು ತಿಳಿಯಲು, ನಿಯಮಿತವಾಗಿ ರಕ್ತ ಪರೀಕ್ಷೆಗೆ ಒಗ್ಗಿಕೊಂಡ ಸಾಕಾನೆಗಳೇ ಬೇಕು. ಅಮೆರಿಕದ ಹ್ಯೂಸ್ಟನ್ ಮೃಗಾಲಯದಲ್ಲಿ 2024ರಲ್ಲಿ ಈ ರೋಗದ ವಿರುದ್ಧದ ಎಂಆರ್‌ಎನ್‌ಎ ಲಸಿಕೆಯನ್ನು ಮೊದಲ ಬಾರಿಗೆ ಒಂದು ಆನೆಗೆ ನೀಡಲಾಯಿತು.

ಉತ್ತರ 2:
ರೋಗದ ಮಾತನ್ನು ಒಪ್ಪುತ್ತೇನೆ, ಆದರೆ ಅದಕ್ಕೆ ಮೃಗಾಲಯವೇ ಆಗಬೇಕೆಂದಿಲ್ಲ. ಆನೆಗಳನ್ನು ಮೃಗಾಲಯಗಳಿಂದ ಅರಣ್ಯ ಶಿಬಿರಗಳಿಗೆ ಸ್ಥಳಾಂತರಿಸುವಂತೆ ಕೇಂದ್ರ ಮೃಗಾಲಯ ಪ್ರಾಧಿಕಾರವು 2009ರಲ್ಲೇ ಸೂಚಿಸಿತ್ತು. ಸಕ್ರೆಬೈಲಿನಂಥ ಶಿಬಿರದಲ್ಲಿ ಆನೆಗಳನ್ನು ಮೇಯಲು ಕಾಡಿಗೆ ಬಿಡುತ್ತಾರೆ. ಅಲ್ಲಿ ಮಾವುತ, ಕಾವಾಡಿಗಳ ಜೊತೆಗೆ ಪಶುವೈದ್ಯರೂ ಇರುವುದರಿಂದ ರಕ್ತ ಪರೀಕ್ಷೆ ಅಲ್ಲಿಯೂ ಸಾಧ್ಯ.

ಇನ್ನು, 2023ರ ಗಣತಿಯಂತೆ ಕರ್ನಾಟಕದಲ್ಲಿರುವ ಆನೆಗಳು 6,395. ಅವುಗಳಿಗೆ ಮೊದಲು ಬೇಕಾದದ್ದು ಓಡಾಡುವ ದಾರಿ. ಚಾಮರಾಜನಗರ ಜಿಲ್ಲೆಯ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಕಾರಿಡಾರ್‌ನಲ್ಲಿ ಸುಮಾರು 25 ಎಕರೆ ಖಾಸಗಿ ಜಮೀನನ್ನು ಖರೀದಿಸಿ ಅರಣ್ಯ ಇಲಾಖೆಗೆ ಒಪ್ಪಿಸಿದ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾದ ಕೆಲಸ ನನ್ನ ದೃಷ್ಟಿಯಲ್ಲಿ ಹತ್ತು ಹೊಸ ಆವರಣಗಳಿಗಿಂತ ದೊಡ್ಡದು.

ಉತ್ತರ 1 ಬರೆದವರಿಂದ:
ಶಿಬಿರಗಳ ಬಗ್ಗೆ ತಾವು ಹೇಳಿದ್ದು ಸರಿ. ಆದರೆ ರೋಗ ತಗುಲಿದ ಮರಿಗೆ ಔಷಧದ ಜೊತೆಗೆ, ವಯಸ್ಕ ಆನೆಯ ಪ್ಲಾಸ್ಮಾವನ್ನೂ (ರಕ್ತದ ದ್ರವಭಾಗ) ಕೊಡಬೇಕಾಗುತ್ತದೆ. ಅದನ್ನು ಮುಂಚಿತವಾಗಿಯೇ ಸಂಗ್ರಹಿಸಿ ಶೀತಲೀಕರಿಸಿಡುವ ವ್ಯವಸ್ಥೆಯನ್ನು ವಿದೇಶದ ಕೆಲವು ಮೃಗಾಲಯಗಳು ಮಾಡಿಕೊಂಡಿವೆ. ನಮ್ಮ ಮೃಗಾಲಯಗಳು ಆನೆಗಳನ್ನು ಇರಿಸಿಕೊಳ್ಳುವುದೇ ಆದರೆ, ಹತ್ತಿರದ ಶಿಬಿರಗಳ ಮರಿಗಳಿಗೂ ಒದಗುವಂತೆ ಇಂಥ ಸಂಗ್ರಹವನ್ನು ನಡೆಸುವುದು ಅವುಗಳ ಹೊಣೆಯಾಗಬೇಕು.