ಸಹಾಯ ಬೇಕು: ಹೊರಗೆ ಹೋದಾಗ ಮಗುವಿಗೆ ಫಾರ್ಮುಲಾ ಹಾಲು ಹೇಗೆ ಕಲಸುತ್ತೀರಿ?

ಮಗಳಿಗೆ ಈಗ 3 ತಿಂಗಳು. ಪೂರ್ತಿ ಫಾರ್ಮುಲಾ ಹಾಲೇ. ಮನೆಯಲ್ಲಿ ಏನೂ ತೊಂದರೆ ಇಲ್ಲ, ಹೊರಗೆ ಹೊರಟರೆ ಮಾತ್ರ ತಲೆ ಕೆಡುತ್ತದೆ.

ಪುಡಿಯಲ್ಲೇ ಬ್ಯಾಕ್ಟೀರಿಯಾ ಇರಬಹುದು, ಅದು ಸಾಯಲು ನೀರು ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೇ ಕುದಿಸಿದ ನೀರನ್ನು ಫ್ಲಾಸ್ಕಿಗೆ ತುಂಬಿ, ಪುಡಿಯನ್ನು ಅಳೆದು ಪುಟ್ಟ ಡಬ್ಬಿಗಳಲ್ಲಿ ಹಾಕಿಕೊಂಡು ಹೋಗುತ್ತೇನೆ. ಮೊದಲ ಬಾಟಲಿ ಹೇಗೋ ಆಗುತ್ತದೆ. ಆದರೆ ಆ ಬಿಸಿ ಹಾಲು ಆರಬೇಕಲ್ವಾ? ಮೊನ್ನೆ ಬಾಟಲಿಯನ್ನು ನಲ್ಲಿ ಕೆಳಗೆ ತಿರುಗಿಸುತ್ತಾ, ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡುತ್ತಾ ನಿಂತಿದ್ದೆ. ಅವಳು ಅತ್ತೂ ಅತ್ತೂ ಕೆಂಪಾಗಿಬಿಟ್ಟಳು. ಐದು ಗಂಟೆ ಬಿಟ್ಟು ಮತ್ತೆ ಫ್ಲಾಸ್ಕ್ ತೆಗೆದರೆ ಹಬೆಯೇ ಇಲ್ಲ! ಧೈರ್ಯ ಸಾಲದೆ ನೀರು ಚೆಲ್ಲಿ ಮನೆಗೆ ಓಡಿಬಂದೆ.

ಮನೆಯಲ್ಲೇ ಕಲಸಿ ಒಯ್ಯೋಣವೆಂದರೆ, ಸುಮ್ನೆ ಹೊರಗಿಟ್ಟ ಹಾಲನ್ನು 2 ಗಂಟೆಯ ಮೇಲೆ ಕೊಡುವ ಹಾಗಿಲ್ಲ. ಅತ್ತೆ "ಉಗುರುಬೆಚ್ಚಗಿನ ನೀರು ಸಾಕು ಬಿಡು" ಎನ್ನುತ್ತಾರೆ. ನನಗೆ ಒಪ್ಪಿಗೆ ಇಲ್ಲ.

ಐದಾರು ಗಂಟೆ ಹೊರಗಿರಬೇಕಾದಾಗ ನೀವು ಏನು ಮಾಡುತ್ತೀರಿ? ಕಲಸಿದ ಹಾಲನ್ನು ಫ್ರಿಜ್‌ನಲ್ಲಿ ಚೆನ್ನಾಗಿ ತಣ್ಣಗೆ ಮಾಡಿ, ಐಸ್ ಪ್ಯಾಕ್ ಜೊತೆ ಒಯ್ಯಬಹುದಾ? ಒಯ್ದರೆ ಎಷ್ಟು ಗಂಟೆಯೊಳಗೆ ಕುಡಿಸಬೇಕು?